ಎರಡು ಬೆರಳಿನ ಗೋರಿ

ಕ್ಯಾಪ್ಟನ್ ಪ್ರಾಟರ ಮೂತ್ರದ ಪಾತ್ರೆಯನ್ನು ಹೊಳೆಯಲ್ಲಿ ಮರಳು ಹಾಕಿ ತಿಕ್ಕುತ್ತಿದ್ದೆ. ಪಿಂಗಾಣಿ ಪಾತ್ರೆ. ಒಳಗೆ ತಳದಲ್ಲಿ ಇಂಗ್ಲೆಂಡಿನ ರಾಜನ ಮುಖ ಬರೆದಿತ್ತು. ಅವನ ಸೈನ್ಯವನ್ನು ಓಡಿಸಿ ಯುದ್ಧ ಗೆದ್ದ ಹೊಸದರಲ್ಲಿ ನಮ್ಮ ಹ್ಯಾಡ್ಲೋ ಊರಿನ ದೊಡ್ಡವರೆಲ್ಲ ಇಂಥ ಪಾತ್ರೆ ತರಿಸಿಕೊಂಡಿದ್ದರು. ದಿನಾ ಬೆಳಗ್ಗೆ ಎದ್ದು ರಾಜನ ಮುಖದ ಮೇಲೆ ಹೊಯ್ದರೆ ಅಷ್ಟು ದೇಶಸೇವೆ ಆದಂತೆ. ಹೊಯ್ದು ಅವರು ತಿಂಡಿಗೆ ಕೂರುತ್ತಿದ್ದರು. ನಲವತ್ತು ವರ್ಷದಿಂದ ರಾಜನ ಮುಖ ತೊಳೆಯುತ್ತಿರುವವಳು ನಾನು, ಜಿಲ್ಪಾ. ಅವನ ಸ್ವಂತ ರಾಣಿಯೂ ಅಷ್ಟು ಸಲ ಅವನ ಮುಖ ಒರೆಸಿರಲಿಕ್ಕಿಲ್ಲ.

ಕ್ಯಾಂಡೆಸ್ ಲಂಗ ಎತ್ತಿ ಹಿಡಿದುಕೊಂಡು ಓಡಿ ಬಂದಳು. ಅವಳು ಊರಿನ ಛತ್ರದಲ್ಲಿ ಕೋಣೆ ಗುಡಿಸುವವಳು. ನನ್ನ ಅರ್ಧ ವಯಸ್ಸು, ನನ್ನ ಎರಡರಷ್ಟು ಬಾಯಿ.

"ಜಿಲ್ಪವ್ವಾ, ಬಿಡು ಆ ಪಾತ್ರೆ. ನಮ್ ಮೂಲೆ ಗುಡಿಸ್ತಾ ಇದಾರೆ!"

"ಯಾರು?"

"ಇನ್ಯಾರು, ಕ್ಯಾಪ್ಟನ್ ಮಗ ಲೈಮನ್. ಗಾಡಿ ತಂದವ್ನೆ, ಆಳು ತಂದವ್ನೆ. ಚೂರು, ಚಿಪ್ಪು ಎಲ್ಲಾ ಬಾಚಿ ಬಾಚಿ ಗಾಡಿಗೆ ಹಾಕ್ತಾವ್ರೆ."

ನಾನು ಎದ್ದೆ. ಪಾತ್ರೆ ಕೈಯಲ್ಲೇ ಇತ್ತು. ಹಾಗೇ ನಡೆದೆ.

ನಮ್ಮ ಮೂಲೆ ಇರುವುದು ಊರಿನ ಸ್ಮಶಾನದ ಹಿಂಬದಿಯಲ್ಲಿ, ಕಲ್ಲುಗೋಡೆಯ ಪಕ್ಕ. ಮುಂದಿನ ಭಾಗದಲ್ಲಿ ಬಿಳಿಯರು ಮಲಗಿದ್ದಾರೆ, ಒಬ್ಬೊಬ್ಬರ ತಲೆಯ ಹತ್ತಿರವೂ ಕೆತ್ತಿದ ಕಲ್ಲು. ಹಿಂದೆ ನಾವು ಕರಿಯರು, ನಮ್ಮ ಜೊತೆಗೆ ಈ ನೆಲದ ಮೂಲದವರಾದ ಇಂಡಿಯನ್ನರು. ನಮಗೆ ಕಲ್ಲು ಇಲ್ಲ. ಸತ್ತವರು ಕೊನೆಯ ಸಲ ಉಂಡ ಬಟ್ಟಲನ್ನು ಒಡೆದು ಅವರ ಮೇಲೆ ಇಡುತ್ತೇವೆ, ಸುತ್ತ ಸಮುದ್ರದ ಚಿಪ್ಪು ಚುಚ್ಚುತ್ತೇವೆ. ಒಡೆಯದೆ ಇಟ್ಟರೆ ಅವರು ಉಣ್ಣಲಿಕ್ಕೆ ವಾಪಸು ಬರುತ್ತಾರೆ. ಬಂದರೆ ಮತ್ತೆ ಕೆಲಸಕ್ಕೆ ಹಚ್ಚುತ್ತಾರೆ. ಅದಕ್ಕೇ ಒಡೆಯುವುದು.

ನಾನು ಹೋಗುವಷ್ಟರಲ್ಲಿ ಗಾಡಿ ಅರ್ಧ ತುಂಬಿತ್ತು. ಲೈಮನ್ ಪ್ರಾಟ್ ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತಿದ್ದ. ಬೆವರು ಬರುವಂಥದ್ದೇನನ್ನೂ ಅವನು ಮಾಡಿರಲಿಲ್ಲ. ಊರಿನ ಅಂಗಡಿ ಅವನದು, ಅಂಚೆ ಅವನದು. ಈಗ ಸ್ವಾತಂತ್ರ್ಯದ ಐವತ್ತನೇ ವರ್ಷದ ಹಬ್ಬದ ಸಮಿತಿಗೂ ಅವನೇ ಅಧ್ಯಕ್ಷ.

"ಧಣಿ, ಏನಿದು?"

"ಬಾ ಜಿಲ್ಪಾ, ಬಾ. ನೋಡು, ಊರಿನ ಅತಿ ಎತ್ತರದ ಜಾಗ ಇದು. ಯಾರ ಕಣ್ಣಿಗೂ ಬಿದ್ದಿರ್ಲಿಲ್ಲ. ಕಸ ಹಾಕಿ ಹಾಕಿ ಹಾಳು ಮಾಡಿದ್ರು. ಇಲ್ಲಿ ಸ್ಮಾರಕ ಕಟ್ತೀವಿ. ಮೂರಾಳೆತ್ತರದ ಕಲ್ಲು. ಯುದ್ಧಕ್ಕೆ ಸಿಡಿಮದ್ದು ತಯಾರಿಸಿದ ವೀರರ ಹೆಸರೆಲ್ಲ ಇರುತ್ತೆ. ನಮ್ಮಪ್ಪ ದೇಶಕ್ಕೋಸ್ಕರ ಎರಡು ಬೆರಳು ಕೊಟ್ಟಿದ್ದೂ ಇರುತ್ತೆ."

"ಕಸ ಅಲ್ಲ ಧಣಿ. ಗೋರಿಗಳು. ನೀವು ನಿಂತಿದೀರಲ್ಲ, ಅದು ಜೂಡ್ ಎದೆ."

ಅವನು ಕಾಲು ತೆಗೆಯಲಿಲ್ಲ. ನೆಲ ನೋಡಿದ, ನನ್ನನ್ನು ನೋಡಿದ.

"ಕಲ್ಲಿದೆಯಾ? ಹೆಸರಿದೆಯಾ? ಚರ್ಚಿನ ಪುಸ್ತಕದಲ್ಲಿ ಈ ಮೂಲೆಗೆ ಏನೂ ಬರ್ದಿಲ್ಲ ಕಣೆ. ಖಾಲಿ ಅಂತಿದೆ."

"ಖಾಲಿ ಅಲ್ಲ."

"ಅಗೆದಾಗ ಏನಾದ್ರೂ ಸಿಕ್ಕಿದ್ರೆ ಒಂದು ಗುಂಡೀಲಿ ಮರ್ಯಾದೆಯಾಗಿ ಹಾಕಿಸ್ತೀನಿ, ಸರೀನಾ? ಹಬ್ಬದ ಹಿಂದಿನ ದಿನ ಅಡಿಪಾಯ. ಹಾರ್ಟ್‌ಫೋರ್ಡಿನಿಂದ ಭಾಷಣಕಾರರು ಬರ್ತಾರೆ. ಛತ್ರ ತುಂಬತ್ತೆ, ಎಲ್ಲಾ ಮನೇಲೂ ನೆಂಟರು. ಪಾತ್ರೆಗಳು ಪಳಪಳ ಅಂತಿರ್ಬೇಕು ನೋಡು. ನಿಮ್ ಹೆಂಗಸರಿಗೆಲ್ಲ ಹೇಳ್ಬಿಡು."

ಅವನು ಹೇಳಿದ ವೀರರು ಯಾರೆಂದು ಹೇಳುತ್ತೇನೆ.

ಯುದ್ಧ ಶುರುವಾದಾಗ ಈ ದೇಶದಲ್ಲಿ ಕೋಪ ಬೇಕಾದಷ್ಟಿತ್ತು, ಬಂದೂಕಿಗೆ ಹಾಕಲು ಮದ್ದು ಇರಲಿಲ್ಲ. ಮದ್ದಿಗೆ ಪೆಟ್ಲುಪ್ಪು ಬೇಕು. ಪೆಟ್ಲುಪ್ಪು ಬರುವುದು ಲಾಯದ ನೆಲದಿಂದ, ಸಗಣಿ ಕೊಳೆತ ಮಣ್ಣಿನಿಂದ, ಉಚ್ಚೆಯಿಂದ. ಊರಿನ ದೊಡ್ಡವರು ಪೆಟ್ಲುಪ್ಪಿನ ಸಮಿತಿ ಮಾಡಿದರು. ಮನೆ ಮನೆಯ ಪಾತ್ರೆಯನ್ನೂ ದೇಶಕ್ಕೆ ಅರ್ಪಿಸಬೇಕೆಂದು ಪಾದ್ರಿಗಳು ಚರ್ಚಿನಲ್ಲಿ ಓದಿದರು. ಆಮೇಲೆ ಎಲ್ಲರೂ ಊಟಕ್ಕೆ ಹೋದರು.

ಹೊರುವುದಕ್ಕೆ ನಾವಿದ್ದೆವು, ಪ್ರಾಟರ ಮನೆಯ ಗುಲಾಮರು, ಜೂಡ್ ಮತ್ತು ನಾನು. ಜೂಡ್ ನನಗಿಂತ ದೊಡ್ಡವಳು, ಒಂದು ಹೆಣ್ಣು ಮಗುವಿನ ತಾಯಿ. ಬೆಳಗಾದರೆ ನೊಗದಂಥ ಕೋಲಿಗೆ ಎರಡು ಕಡೆ ಬಕೆಟ್ಟು ಸಿಕ್ಕಿಸಿ ಮನೆಮನೆ ತಿರುಗಬೇಕು. ಲಾಯದ ನೆಲ ಕೆರೆದು ಮಣ್ಣು ತರಬೇಕು. ಮಣ್ಣಿನ ರಾಶಿಗೆ ಉಚ್ಚೆ ಹೊಯ್ದು ಹದ ಬರಿಸಬೇಕು. ಅದನ್ನು ನೀರಿನಲ್ಲಿ ಕಲಸಿ, ಬೂದಿಯಲ್ಲಿ ಸೋಸಿ, ಕೊಪ್ಪರಿಗೆಯಲ್ಲಿ ಕುದಿಸಬೇಕು. ಬೂದಿನೀರು ಕೈಯ ಚರ್ಮ ಸುಲಿಯುತ್ತಿತ್ತು. ಕೂದಲು ನಾರುತ್ತಿತ್ತು. ಬಾಯಿಗಿಟ್ಟ ಜೋಳದ ಗಂಜಿಯೂ ಅದೇ ನಾತ. ಚರ್ಚಿನಲ್ಲಿ ಅಟ್ಟದ ಮೇಲೆ ಗುಲಾಮರ ಸಾಲಿನಲ್ಲಿ ಕೂತರೆ ಉಳಿದ ಗುಲಾಮರೂ ಸರಿದು ಕೂರುತ್ತಿದ್ದರು.

ವೈನು ಕುಡಿಯುವವರ ಉಚ್ಚೆಯಲ್ಲಿ ಸತ್ವ ಹೆಚ್ಚು ಎಂದು ಸಮಿತಿಯವರು ನಂಬಿದ್ದರು. ಊರಿನಲ್ಲಿ ವೈನು ಕುಡಿಯುವವರು ಪಾದ್ರಿಗಳು, ಪ್ರಾಟರು. ಅವರದಕ್ಕೆ ಮುಚ್ಚಳವಿದ್ದ ಬೇರೆ ಪೀಪಾಯಿ. ಗುಲಾಮರದು ಮಾತ್ರ ಕೂಡದು. ಅದು ಬೆರೆತರೆ ಮದ್ದು ಹೊತ್ತುವುದಿಲ್ಲವಂತೆ.

ಒಂದು ದಿನ ಕೊಟ್ಟಿಗೆಯಲ್ಲಿ ಯಾರೂ ಇರಲಿಲ್ಲ. ಜೂಡ್ ಪೀಪಾಯಿಯ ಮುಚ್ಚಳ ತೆಗೆದಳು.

"ಏ ಜಿಲ್ಪಾ, ಹತ್ತು ಇದರ ಮೇಲೆ."

"ಪಾದ್ರಿಗಳ ಪೀಪಾಯಿ ಕಣೆ ಅದು!"

"ಅದಕ್ಕೇ. ಪಾಪ, ಒಬ್ಬರೇ ಎಷ್ಟೂಂತ ಹೊಯ್ತಾರೆ? ವಯಸ್ಸಾಗಿದೆ. ಕೂರೇ, ದೇಶಕ್ಕೆ ಕೊಡೋಕೆ ನಿನ್ ಹತ್ರ ಇನ್ನೇನಿದೆ?"

ನಾನು ಕೂತೆ. ಜೂಡ್ ಬಾಗಿಲು ಕಾದಳು. ಆಮೇಲೆ ಅವಳು ಕೂತಳು, ನಾನು ಕಾದೆ. ಆ ಚಳಿಗಾಲ ಪೂರ್ತಿ ದಿನವೂ ಹೀಗೇ. ಮದ್ದು ಚೆನ್ನಾಗಿ ಹೊತ್ತಿತು. ಹ್ಯಾಡ್ಲೋ ಮದ್ದು ಅಂದರೆ ಸೈನ್ಯದಲ್ಲಿ ಒಳ್ಳೇ ಹೆಸರು ಬಂತು. ಪಾದ್ರಿಗಳು ಧರ್ಮಪೀಠದಿಂದಲೇ ಹಲ್ಲು ಬಿಟ್ಟರು.

ಹೊಳೆಯ ಪಕ್ಕ ಮದ್ದು ಕುಟ್ಟುವ ಮನೆ ಇತ್ತು. ಅಲ್ಲಿ ಕಬ್ಬಿಣ ಕೂಡದು, ಒಂದು ಕಿಡಿ ಸಾಕು. ಬೂಟಿನ ಅಡಿಯಲ್ಲಿ ಮೊಳೆ ಇರುತ್ತದೆ, ಆದ್ದರಿಂದ ಬರಿಗಾಲು. ಹೆಪ್ಪುಗಟ್ಟುವ ಚಳಿಯಲ್ಲಿ ಬರಿಗಾಲಲ್ಲಿ ಹಲಗೆಯ ಮೇಲೆ ನಿಂತು ಜೂಡ್ ಮದ್ದು ಜರಡಿ ಹಿಡಿಯುತ್ತಿದ್ದಳು. ಆ ದಿನ ನಾನು ಹೊಳೆಯಲ್ಲಿ ಮಂಜುಗಡ್ಡೆ ಒಡೆದು ನೀರು ತುಂಬುತ್ತಿದ್ದೆ. ಪ್ರಾಟ್ ಆಗಷ್ಟೇ ಕ್ಯಾಪ್ಟನ್ ಆಗಿದ್ದ. ಹೊಸ ಸಮವಸ್ತ್ರ, ಹೊಸ ಬೂಟು. ತಪಾಸಣೆಗೆ ಬಂದ.

"ಬೂಟು ಬಿಚ್ಚಿ ಧಣಿ! ಮೊಳೆ ಇದೆ!" ಜೂಡ್ ಕೂಗಿದ್ದು ಹೊಳೆಗೆ ಕೇಳಿಸಿತು.

"ಏನಂದೆ? ನಂಗೆ ಬೂಟು ಬಿಚ್ಚು ಅಂತೀಯ, ಕತ್ತೆ!"

ಒಂದು ಕಾಲು ಒಳಗಿಟ್ಟ. ಎಡಗೈ ಬಾಗಿಲ ಮೇಲಿತ್ತು.

ಸದ್ದು ನನಗೆ ನೆನಪಿಲ್ಲ. ಬಕೆಟ್ಟು ಕೈಯಿಂದ ಹೋಗಿದ್ದು ನೆನಪಿದೆ. ಬಾಗಿಲ ಸಮೇತ ಹಾರಿ ಹಿಮದ ಮೇಲೆ ಬಿದ್ದ ಕ್ಯಾಪ್ಟನ್ ಬದುಕಿದ. ಊರೆಲ್ಲ ಅವನ ಸುತ್ತ ಸೇರಿತು. ನಾನು ಮತ್ತು ಪೊರಕೆ ಮಾರುವ ಇಂಡಿಯನ್ ಹೆಂಗಸು ಮರ್ಸಿ, ಇಬ್ಬರೇ ಹಾಸಿಗೆಯ ಬಟ್ಟೆ ಹರಡಿ ಜೂಡ್‌ಳನ್ನು ಆಯ್ದೆವು. ಆಯ್ದೆವು ಎಂದೇ ಬರೆಯಬೇಕು. ಎತ್ತಲಿಕ್ಕೆ ಅವಳು ಒಂದೇ ಕಡೆ ಇರಲಿಲ್ಲ.

ಅಷ್ಟರಲ್ಲಿ ವೈದ್ಯ ಅರಚಿದ: "ಏ ಹೆಂಗಸರೇ! ಅದನ್ನ ಬಿಡಿ! ಕ್ಯಾಪ್ಟನ್ನರ ಎರಡು ಬೆರಳು ಹುಡುಕಿ!"

ಬಿಳಿಯರಲ್ಲಿ ಒಂದು ನಂಬಿಕೆ. ಕಡಿದುಹೋದ ಕೈಕಾಲನ್ನು ನೆಟ್ಟಗೆ ಮಲಗಿಸಿ, ಪ್ರಾರ್ಥನೆ ಹೇಳಿ ಹೂಳಬೇಕು. ಇಲ್ಲದಿದ್ದರೆ ಇಲ್ಲದ ಬೆರಳು ಸಾಯುವವರೆಗೂ ನೋಯುತ್ತದೆ. ನಾವು ಜೂಡ್‌ಳನ್ನು ಅರ್ಧಕ್ಕೆ ಬಿಟ್ಟು, ಮಂಡಿಯೂರಿ ಹಿಮದಲ್ಲಿ ಕೈಯಾಡಿಸಿ ಹುಡುಕಿದೆವು. ಒಂದು ಸಿಕ್ಕಿತು. ದಪ್ಪ ಬೆರಳು, ಕ್ಯಾಪ್ಟನ್ನಂದೇ. ಇನ್ನೊಂದು ಸಿಗಲಿಲ್ಲ. ವೈದ್ಯ ಬೈಯುತ್ತಲೇ ಇದ್ದ. ಪೊದೆಯ ಬುಡದಲ್ಲಿ ಕೈಗೆ ಒಂದು ತಗುಲಿತು. ಸುಟ್ಟು ಕರಕಲಾಗಿತ್ತು. ನಡುವೆ ಅಡ್ಡಲಾಗಿ ಬೂದಿನೀರಿನ ಹಳೆಯ ಗಾಯದ ಗೆರೆ. ಹಂದಿ ಕೊಬ್ಬು ಸವರಿ ಆ ಗಾಯಕ್ಕೆ ಬಟ್ಟೆ ಕಟ್ಟಿದವಳು ನಾನೇ.

ಜೂಡ್‌ಳ ಬೆರಳು. ಅದನ್ನು ಕ್ಯಾಪ್ಟನ್ನನ ಬೆರಳಿನ ಪಕ್ಕ ಇಟ್ಟು ಅಂಗೈ ಚಾಚಿದೆ. ಸುಟ್ಟ ಮೇಲೆ ಯಾರ ಬೆರಳಿಗೂ ಬಣ್ಣ ಇರುವುದಿಲ್ಲ. ವೈದ್ಯ ಎರಡನ್ನೂ ಕರವಸ್ತ್ರದಲ್ಲಿ ಸುತ್ತಿಕೊಂಡ.

ಭಾನುವಾರ ಚಹಾಪುಡಿಯ ಡಬ್ಬಿಯಷ್ಟು ದೊಡ್ಡ ಶವಪೆಟ್ಟಿಗೆ ಬಂತು. ಗಂಟೆ ಹೊಡೆದರು. ಕೀರ್ತನೆ ಹಾಡಿದರು. ಪಾದ್ರಿಗಳು ಕಣ್ಣೊರೆಸಿಕೊಂಡರು. ಊರಿಗೆ ಊರೇ ಟೋಪಿ ತೆಗೆಯಿತು. ಮುಂದಿನ ಸಾಲಿನಲ್ಲಿ ಕಲ್ಲು ನೆಟ್ಟರು. ಎರಡು ಬೆರಳು ಪುನರುತ್ಥಾನದ ದಿನಕ್ಕೆ ಕಾದಿವೆ ಎಂದು ಅದರ ಮೇಲೆ ಬರೆದಿದೆ. ನಾನು ದೂರದಲ್ಲಿ ನಿಂತು ತುಟಿ ಕಚ್ಚಿಕೊಂಡೆ. ಅಳು ಬರುತ್ತಿತ್ತೋ ನಗು ಬರುತ್ತಿತ್ತೋ ತಿಳಿಯಲಿಲ್ಲ. ಇದನ್ನು ನೋಡಿದ್ದರೆ ಜೂಡ್ ನೆಲದ ಮೇಲೆ ಬಿದ್ದು ಉರುಳಾಡಿ ನಗುತ್ತಿದ್ದಳು. ಉಳಿದ ಜೂಡ್‌ಳನ್ನು ಹಿಂದಿನ ದಿನವೇ ಗೋಡೆಯ ಪಕ್ಕ ಹೂತಿದ್ದೆವು. ಗಂಟೆ ಹೊಡೆದಿರಲಿಲ್ಲ.

ಮದ್ದಿನ ಮನೆಯನ್ನು ಮತ್ತೆ ಕಟ್ಟಲು ಹಣ ಬೇಕಾಯಿತು. ಜೂಡ್‌ಳ ಮಗು ಡಾರ್ಕಸ್‌ಳನ್ನು ನ್ಯೂಯಾರ್ಕಿನ ಹಡಗಿನವನಿಗೆ ಮಾರಿದರು. ಹಲ್ಲು ಬಿದ್ದ ಬಾಯಿಂದ ಅವಳು ನನ್ನ ಕೈ ಕಚ್ಚಿ ಹಿಡಿದಿದ್ದಳು. ಬಿಡಿಸಿದರು.

ಯುದ್ಧ ಗೆದ್ದರು. ನನ್ನನ್ನೂ ನಲವತ್ತು ವಯಸ್ಸಿನ ಹತ್ತಿರ ಬಿಡುಗಡೆ ಮಾಡಿದರು, ಮುದಿಯಾದ ಮೇಲೆ ಕೂಳು ಹಾಕುವುದು ತಪ್ಪಲಿ ಎಂದು. ಅದೇ ಪಾತ್ರೆ, ಅದೇ ಹೊಳೆ. ಈಗ ಕೂಲಿಗೆ.

ಎಷ್ಟೋ ವರ್ಷದ ಮೇಲೆ ಡಾರ್ಕಸ್ ಹಡಗಿನ ಅಡುಗೆಯವನ ಕೈಯಲ್ಲಿ ಹೇಳಿಕಳಿಸಿದಳು. ಬದುಕಿದ್ದಾಳೆ, ಬಿಡುಗಡೆಯಾಗಿದ್ದಾಳೆ, ಇಸ್ತ್ರಿ ಮಾಡುತ್ತಾಳೆ. "ನಮ್ಮಮ್ಮ ಹೆಂಗೆ ಸತ್ಲು? ಎಲ್ಲಿ ಮಲಗವ್ಳೆ? ಬರೆದು ತಿಳ್ಸು, ಒಂದು ಸಲ ಬಂದು ನೋಡ್ಬೇಕು" ಎಂದು ಕೇಳಿದ್ದಳು. ನನಗೆ ಬರೆಯಲು ಬರುತ್ತಿರಲಿಲ್ಲ. ಲೈಮನ್‌ನ ಅಂಗಡಿಯ ಗುಮಾಸ್ತನ ಕೈಯಲ್ಲಿ ಬರೆಸುವ ಮಾತೇ ಇದು? ಇಳಿವಯಸ್ಸಿನಲ್ಲಿ, ಕ್ಷೌರದ ಅಂಗಡಿಯ ಪ್ರೈಮಸ್ ಬಾಗಿಲು ಹಾಕಿದ ಮೇಲೆ ನಮ್ಮವರಿಗೆ ನಡೆಸುವ ಸಂಜೆ ಪಾಠಕ್ಕೆ ಹೋಗಿ ಅಕ್ಷರ ಕಲಿತೆ. ಕಲಿತ ಮೇಲೂ ಕಾಗದ ಮುಗಿಯಲಿಲ್ಲ. 'ನಿನ್ನ ಅಮ್ಮ' ಎಂದು ಬರೆಯುತ್ತಿದ್ದೆ. ನಿನ್ನ ಅಮ್ಮ ಎಲ್ಲಿದ್ದಾಳೆ ಎನ್ನುವ ಸಾಲಿಗೆ ಬಂದು ನಿಲ್ಲುತ್ತಿತ್ತು. ಇನ್ನು ಆ ಮೂಲೆಯನ್ನೂ ಅಗೆದರೆ ಆ ಸಾಲಿಗೆ ಬರೆಯಲು ಏನೂ ಉಳಿಯುವುದಿಲ್ಲ.

ಲೈಮನ್ ಇನ್ನೂ ಜೂಡ್‌ಳ ಮೇಲೆ ನಿಂತಿದ್ದ.

"ಹೋಗು ಜಿಲ್ಪಾ, ಕೆಲಸ ನೋಡ್ಕೊ. ಅಪ್ಪನ ಪಾತ್ರೆ ಮೊದ್ಲು ತಗೊಂಡ್ಹೋಗಿಡು. ಮುದುಕರಿಗೆ ತಡೆಯಲ್ಲ."

ನಾನು ಪಾತ್ರೆಯನ್ನು ಅವನ ಎರಡೂ ಕೈಗೆ ಇಟ್ಟೆ. ಅವನು ಯೋಚಿಸದೆ ಹಿಡಿದುಕೊಂಡ.

"ನೀವೇ ತಗೊಂಡ್ಹೋಗಿ."

"ಏನಿದು?"

"ಪಾತ್ರೆ. ಇನ್ನು ಮುಟ್ಟಲ್ಲ ನಾನು. ಈ ಮೂಲೇಲಿ ಗುದ್ದಲಿ ಬಿದ್ರೆ ಊರಲ್ಲಿ ಯಾವ ಕರಿ ಹೆಂಗಸೂ ಮುಟ್ಟಲ್ಲ."

ಆಳುಗಳು ಕೆಲಸ ನಿಲ್ಲಿಸಿ ನೋಡಿದರು. ಅವನು ಪಾತ್ರೆ ಹಿಡಿದುಕೊಂಡೇ ಕೆಂಪಾದ. ಎಲ್ಲಿ ಇಡಬೇಕೆಂದು ಅವನಿಗೆ ತಿಳಿಯಲಿಲ್ಲ.

ಯಾವ ಹೆಂಗಸೂ ಮುಟ್ಟುವುದಿಲ್ಲ ಎಂದು ನಾನು ಹೇಳಿಬಿಟ್ಟಿದ್ದೆ. ಹೆಂಗಸರನ್ನು ಕೇಳಿರಲಿಲ್ಲ. ಸಂಜೆ ಪ್ರೈಮಸ್‌ನ ಅಂಗಡಿಯಲ್ಲಿ ಕೇಳಿದೆ.

"ಒಂದು ಅರ್ಜಿ ಬರೆಯೋಣ," ಅಂದ ಪ್ರೈಮಸ್. "ಮರ್ಯಾದೆಯಾಗಿ. ಕೆಳಗೆ ಎಲ್ಲರೂ ಸಹಿ ಹಾಕೋಣ."

"ನಿಮ್ಮ ತಲೆ," ಅಂದಳು ಕ್ಯಾಂಡೆಸ್. "ಗುರುಗಳೇ, ನಿಮಗೆ ಹೊಟ್ಟೆ ನೋವು ಬಂದ್ರೂ ಅರ್ಜಿ ಬರೀತೀರಿ. ಅರ್ಜಿಗೆ ನಾತ ಇದೆಯಾ? ಮೂಗಿಗೆ ಹೋಗತ್ತಾ?"

"ನಿಮ್ಮನ್ನ ಕೆಲಸದಿಂದ ತೆಗೀತಾರೆ."

"ತೆಗೆದು? ಭಾಷಣಕಾರರ ಪಾತ್ರೆ ಯಾರು ಎತ್ತೋದು, ಛತ್ರದ ಯಜಮಾನಿ ಎತ್ತುತ್ತಾಳಾ? ಅವಳಿಗೆ ಹೊಂಡ ಎಲ್ಲಿದೆ ಅಂತ್ಲೂ ಗೊತ್ತಿಲ್ಲ."

"ಬೀದಿಗೆ ಸುರೀತಾರೆ," ಅಂದಳು ಒಬ್ಬಳು.

"ಸುರೀಲಿ. ಮೆರವಣಿಗೆ ಆ ಬೀದೀಲೇ ಬರೋದು."

ನಕ್ಕರು. ಒಬ್ಬೊಬ್ಬರಿಗೂ ಆ ಮೂಲೆಯಲ್ಲಿ ಯಾರೋ ಇದ್ದರು. ಕ್ಯಾಂಡೆಸ್‌ಳ ಎರಡು ಕೂಸು ಅಲ್ಲಿದ್ದವು. ಅದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. "ನಾನು ಎತ್ತಲ್ಲ" ಎಂದಷ್ಟೇ ಹೇಳಿದಳು. ಉಳಿದವರೂ ಹಾಗೇ ಹೇಳಿ ಎದ್ದುಹೋದರು.

ಹಬ್ಬದ ಹಿಂದಿನ ದಿನಕ್ಕೆ ಊರು ತುಂಬಿತು. ಜುಲೈ ತಿಂಗಳ ಸೆಕೆ. ಮುನ್ನಾ ರಾತ್ರಿಯೇ ಬಂದಿಳಿದ ನೆಂಟರು ಸೇಬಿನ ಹೆಂಡವನ್ನು ನೀರಿನ ಹಾಗೆ ಕುಡಿದಿದ್ದರು. ಕುಡಿದಿದ್ದು ಎಲ್ಲಾದರೂ ಹೋಗಬೇಕಲ್ಲ, ಮಂಚದ ಕೆಳಗೆ ಹೋಗಿ ನಿಂತಿತ್ತು. ಬೆಳಗ್ಗೆ ಯಾರೂ ಎತ್ತಲಿಲ್ಲ. ಮಧ್ಯಾಹ್ನಕ್ಕೆ ಕಿಟಕಿ ತೆರೆದರು. ತೆರೆದ ಮೇಲೆ ಪಕ್ಕದ ಮನೆಯ ನಾತ ಒಳಗೆ ಬಂತು, ಮತ್ತೆ ಮುಚ್ಚಿದರು. ರೇಷ್ಮೆ ಲಂಗದ ಅಮ್ಮಂದಿರು ಏಪ್ರನ್ ಕೆಳಗೆ ಏನನ್ನೋ ಮುಚ್ಚಿಕೊಂಡು ಹಿತ್ತಲಲ್ಲಿ ಹೊಂಡ ಹುಡುಕುತ್ತಿದ್ದರು. ಒಬ್ಬಾಕೆ ತಮ್ಮ ಗುಲಾಬಿ ಗಿಡಕ್ಕೆ ಸುರಿದರು. ಹಾರ್ಟ್‌ಫೋರ್ಡಿನ ಭಾಷಣಕಾರರು ಛತ್ರದ ಮೆಟ್ಟಿಲ ಮೇಲೆ ತಮ್ಮದನ್ನು ತಾವೇ ಹೊತ್ತು ಇಳಿಯುವಾಗ ಜಾರಿ ಬಿದ್ದು, ಭಾಷಣದ ಕೋಟನ್ನು ಹೊಳೆಗೆ ಒಗೆಯಲು ಕಳಿಸಿದರು. ಒಗೆಯುವವರೂ ನಾವೇ. ಕೋಟು ದಂಡೆಯಲ್ಲೇ ಕೂತಿತ್ತು.

ಅಡಿಪಾಯ ಅಗೆಯಬೇಕಾದ ಆಳುಗಳನ್ನು ಲೈಮನ್ ಪಾತ್ರೆ ಹೊರಲು ಕರೆದ. ಅವರೂ ಬಿಳಿಯರೇ, ಗುದ್ದಲಿ ಬಿಸುಟು ಮನೆಗೆ ಹೋದರು.

ಸಂಜೆಗೆ ಮುಂಚೆ ಒಂದು ಕುದುರೆಗಾಡಿ ನನ್ನ ಗುಡಿಸಿಲ ಮುಂದೆ ನಿಂತಿತು. ಲೈಮನ್ ಇಳಿದ. ಅವನ ಹಿಂದೆ ಕ್ಯಾಪ್ಟನ್, ಎಂಬತ್ತು ದಾಟಿದ ಮುದುಕ, ನಾಳೆಯ ಸನ್ಮಾನಕ್ಕೆ ತೇಪೆ ಹಾಕಿಸಿದ ಹಳೇ ಸಮವಸ್ತ್ರದಲ್ಲಿ. ನಾನು ಹೊಸ್ತಿಲ ಮೇಲೆ ಹುರುಳಿಕಾಯಿ ಸೋಸುತ್ತಿದ್ದೆ. ಏಳಲಿಲ್ಲ. ಕ್ಯಾಂಡೆಸ್ ಪಕ್ಕದಲ್ಲಿದ್ದಳು.

"ಏನೇ ಮುದುಕಿ," ಕ್ಯಾಪ್ಟನ್ ಕೋಲು ಊರಿದ. "ರಾಜನ ಸೈನ್ಯಾನೇ ಓಡಿಸ್ದೋನು ನಾನು. ಉಚ್ಚೆ ಪಾತ್ರೆ ಹಿಡ್ಕೊಂಡು ನನ್ನ ಹೆದರಿಸ್ತೀಯಾ?"

"ಹೆದರಿಸಲಿಲ್ಲ ಧಣಿ. ಹಿಡ್ಕೊಳ್ಳೋದನ್ನ ಬಿಟ್ಟೆ."

"ಏನ್ ಬೇಕು ನಿಂಗೆ? ಬೊಗಳು."

"ನಮ್ ಮೂಲೆ ಅಗೀಬಾರ್ದು. ಜೂಡ್ ಇದಾಳೆ ಅಲ್ಲಿ."

"ಜೂಡ್ ಅಂದ್ರೆ ಯಾರು?"

ಹುರುಳಿಕಾಯಿ ಕೈಯಲ್ಲಿ ಮುರಿಯಿತು. ಇವನಿಗೆ ಹೆಸರೇ ಮರೆತಿತ್ತು. ಮುಖ ತಿರುಗಿಸಿ ನೋಡಿದೆ. ನಾಟಕವಲ್ಲ. ನಿಜವಾಗಿಯೂ ಮರೆತಿದ್ದ.

ಅವನ ಬಲಗೈ ಎಡಗೈಯ ಮೋಟು ಬೆರಳುಗಳನ್ನು ಕೆರೆಯುತ್ತಿತ್ತು. ಐವತ್ತು ವರ್ಷದಿಂದ ಕೆರೆಯುತ್ತಲೇ ಇದ್ದಾನೆ. ಬೆರಳು ಸೊಟ್ಟ ಮಲಗಿದೆಯೆಂದು ಒಮ್ಮೆ ಗೋರಿ ತೆಗೆಸಿ ನೆಟ್ಟಗೆ ಮಾಡಿಸಿದ್ದ. ಆದರೂ ನಿಂತಿರಲಿಲ್ಲ.

"ಕೆರೀತಾ ಇದೆಯಾ ಧಣಿ?"

"ಎರಡೂ ಅಲ್ಲ. ಈ ಕಿರುಬೆರಳು ಒಂದೇ. ಹಾಳಾದ್ದು, ಇಲ್ಲದೇ ಇರೋದ್ರ ತುದಿ ಉರಿಯತ್ತೆ."

"ಉರೀದೆ ಏನ್ ಮಾಡತ್ತೆ? ಅದು ಆ ಡಬ್ಬೀಲಿಲ್ಲ."

ಲೈಮನ್ ತಲೆ ಎತ್ತಿದ. ನಾನು ಹೇಳಿದೆ. ಐವತ್ತು ವರ್ಷ ಒಬ್ಬರಿಗೂ ಹೇಳದ್ದನ್ನು, ಒಂದು ಹುರುಳಿಕಾಯಿ ಮುರಿದು ಇನ್ನೊಂದನ್ನು ಎತ್ತಿಕೊಳ್ಳುತ್ತ ಹೇಳಿದೆ. ನೀವು ಬೂಟು ಬಿಚ್ಚಲಿಲ್ಲ. ಸಿಕ್ಕಿದ್ದು ನಿಮ್ಮ ಒಂದೇ ಬೆರಳು. ಇನ್ನೊಂದು ಜೂಡ್‌ಳದು. ನೀವು ಕಲ್ಲು ನೆಟ್ಟಿದ್ದು ಅವಳಿಗೆ. ಪಾದ್ರಿ ಅತ್ತದ್ದು ಅವಳಿಗೆ. ಪ್ರತಿ ಈಸ್ಟರಿಗೆ ನಿಮ್ಮ ಮನೆಯವರು ಹೂವಿಡುವುದು ನಿಮ್ಮ ಗುಲಾಮಳ ಬೆರಳಿಗೆ.

ಕ್ಯಾಂಡೆಸ್ ಬಾಯಿಗೆ ಏಪ್ರನ್ ತುರುಕಿಕೊಂಡಳು. ಅವಳ ಭುಜ ಕುಣಿಯುತ್ತಿತ್ತು.

"ಸುಳ್ಳು!" ಅಂದ ಲೈಮನ್. "ಯಾರ ಮುಂದಾದ್ರೂ ಈ ಮಾತು ಆಡಿದ್ರೆ..."

"ಸುಮ್ನಿರೋ," ಅಂದ ಮುದುಕ. ಅವನ ಮುಖ ಬಿಳುಚಿತ್ತು. "ಅದಕ್ಕೇ ಹಾಳಾದ್ದು ಕೆರೀತಿರೋದು. ಹಾಗಾದ್ರೆ ನಂದು? ನನ್ನ ಬೆರಳು ಎಲ್ಲೇ?"

"ಗೊತ್ತಿಲ್ಲ. ಜೂಡ್‌ಳನ್ನ ಬಟ್ಟೆಗೆ ಹಾಕುವಾಗ ಸಿಕ್ಕಿದ್ದೆಲ್ಲ ಹಾಕ್ದೆ. ಯಾವ್ದು ಯಾರ್ದು ಅಂತ ನೋಡ್ಲಿಲ್ಲ."

"ಅಂದ್ರೆ ಆ ಮೂಲೇಲಿ..."

"ಇರಬಹುದು ಧಣಿ."

ಕ್ಯಾಪ್ಟನ್ ಕೋಲೆತ್ತಿ ಮಗನ ಕಡೆ ತಿರುಗಿದ. "ಒಂದು ಗುದ್ದಲಿ ಬೀಳಕೂಡದು ಅಲ್ಲಿ! ಕೇಳಿಸ್ತಾ?"

"ಅಪ್ಪಾ, ಕಲ್ಲು ಬಂದಾಗಿದೆ, ನಾಳೆ ಬೆಳಿಗ್ಗೆ..."

"ನನ್ನ ಬೆರಳ ಮೇಲೆ ಮೂರಾಳೆತ್ತರದ ಕಲ್ಲು ಕೂರಿಸ್ತೀಯೇನೋ, ಬೇವರ್ಸಿ! ಈಗ್ಲೇ ಇಷ್ಟು ಉರೀತಿದೆ! ಚರ್ಚಿನ ಮುಂದೆ ನೆಡು. ನಿನ್ನ ತಲೆ ಮೇಲೆ ನೆಡು. ಅಲ್ಲಿ ಬೇಡ."

ನಮ್ಮ ಅಜ್ಜ ಅಜ್ಜಿ, ಕ್ಯಾಂಡೆಸ್‌ಳ ಕೂಸುಗಳು, ಮರ್ಸಿಯ ಕುಲದವರು, ಇವರೆಲ್ಲ ಮಲಗಿದ್ದಾಗ ಆ ನೆಲ ಖಾಲಿ ಇತ್ತು. ಬಿಳಿಯನ ಒಂದು ಕಿರುಬೆರಳು ಇರಬಹುದು ಎಂದ ಕೂಡಲೇ ಅದು ಸ್ಮಶಾನವಾಯಿತು. ನನ್ನ ಬಾಯಿ ಕಹಿಯಾಯಿತು. ಉಗುಳಲಿಲ್ಲ, ಕೇಳುವುದು ಇನ್ನೂ ಬಾಕಿ ಇತ್ತು.

"ಚೂರುಗಳು ವಾಪಸು ಬರ್ಬೇಕು," ಅಂದೆ. "ಗಾಡೀಲಿ ಹೋದ ಅಷ್ಟೂ. ಆಳು ತರಬಾರ್ದು, ಲೈಮನ್ ಧಣಿ ತರ್ಬೇಕು. ತಂದು ನಾವು ತೋರಿಸಿದ ಕಡೆ ಬಗ್ಗಿ ಇಡ್ಬೇಕು."

"ಇಡ್ತಾನೆ," ಅಂದ ಕ್ಯಾಪ್ಟನ್. "ಪಾತ್ರೆ?"

"ಇಟ್ಟ ಮೇಲೆ."

ಇಟ್ಟ. ಹೊಳೆದಂಡೆಯಲ್ಲಿ ಸುರಿದಿದ್ದ ಚೂರನ್ನು ಬುಟ್ಟಿಯಲ್ಲಿ ಹೊತ್ತು ತಂದು, ಒಳ್ಳೆಯ ಷರಾಯಿಯ ಮಂಡಿ ಮಣ್ಣು ಮಾಡಿಕೊಂಡು, ಒಂದೊಂದಾಗಿ ಇಟ್ಟ. ಎಲ್ಲವೂ ಸಿಗಲಿಲ್ಲ. ಸಿಕ್ಕವುಗಳಲ್ಲಿ ಯಾವುದು ಯಾರದು ಎಂದು ಹೆಂಗಸರು ಜಗಳವಾಡಿದರು. "ಅದು ನಮ್ಮತ್ತೇದು ಧಣಿ, ಬಲಕ್ಕೆ, ಇನ್ನೂ ಬಲಕ್ಕೆ. ಅವಳಿಗೆ ಎಡಗಡೆ ಮಲಗಿರೋಳನ್ನ ಕಂಡ್ರೆ ಆಗ್ತಿರ್ಲಿಲ್ಲ" ಎಂದು ಒಬ್ಬಳು ನಾಲ್ಕು ಸಲ ಎಬ್ಬಿಸಿ ಕೂರಿಸಿದಳು.

ವಾಪಸು ಬರುವಾಗ ಕ್ಯಾಂಡೆಸ್ ಸಿಡುಕಿದಳು. "ಇದನ್ನ ಗೆಲುವು ಅಂತೀಯಾ ಅವ್ವಾ? ಅವನ ಬೆರಳಿಗೋಸ್ಕರ ಬಿಟ್ಟ, ನಮಗೋಸ್ಕರ ಅಲ್ಲ."

"ಗೊತ್ತು."

"ನಿಜವಾಗ್ಲೂ ಇದೆಯಾ ಅವನ ಬೆರಳು ಅಲ್ಲಿ?"

"ನಾಯಿ ತಿಂದಿರುತ್ತೆ ಕಣೆ. ಆ ಹೊತ್ತಲ್ಲಿ ಊರ ನಾಯೆಲ್ಲ ಅಲ್ಲೇ ಇದ್ವು."

ಅವಳು ದಾರಿಯ ನಡುವೆ ನಿಂತುಬಿಟ್ಟಳು. ಆಮೇಲೆ ಬೇಲಿ ಹಿಡಿದುಕೊಂಡು ನಕ್ಕಳು. ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು.

ಮಾರನೆಯ ದಿನ ಹಬ್ಬ. ಸ್ಮಾರಕ ಚರ್ಚಿನ ಮುಂದೆ ನಿಂತಿತು. ಅದರ ಮೇಲೆ ಸಮಿತಿಯ ಹೆಸರುಗಳಿವೆ, ಎರಡು ಬೆರಳಿನ ಸಾಲೂ ಇದೆ. ಜೂಡ್ ಇಲ್ಲ. ಫಿರಂಗಿ ಹಾರಿಸಿದರು. ಜೈಕಾರ ಕೇಳಿಸಿತು. ನಾನು ಹೋಗಲಿಲ್ಲ. ಬಾಗಿಲು ತೆರೆದಿಟ್ಟು, ಮೇಜಿಗೆ ಕೂತು, ಕಾಗದ ಬರೆದೆ. ಒಮ್ಮೆ ಬಾಯಿಂದ ಹೊರಗೆ ಬಂದಿದ್ದ ಮಾತು ಕೈಗೂ ಬಂತು.

'ಡಾರ್ಕಸ್, ನಿನ್ನ ಅಮ್ಮನ ಹೆಸರು ಜೂಡ್. ಅವಳು ಈ ದೇಶಕ್ಕೆ ಮದ್ದು ಮಾಡಿದಳು. ಬೂಟು ಬಿಚ್ಚದ ಒಬ್ಬ ಮೂರ್ಖನಿಂದ ಸತ್ತಳು. ಅವಳು ಜೋರಾಗಿ ನಗುತ್ತಿದ್ದಳು. ಪಾದ್ರಿಯ ಪೀಪಾಯಿಯ ಕಥೆ ನಿನಗೆ ಎದುರಿಗೇ ಹೇಳುತ್ತೇನೆ, ಕಾಗದದಲ್ಲಿ ಆಗುವುದಿಲ್ಲ. ನಿನ್ನ ಅಮ್ಮ ಎರಡು ಕಡೆ ಇದ್ದಾಳೆ. ಒಂದು, ನಮ್ಮ ಮೂಲೆಯಲ್ಲಿ ಗೋಡೆಯ ಪಕ್ಕ. ಅಲ್ಲಿ ಅವಳ ಬಟ್ಟಲಿನ ಚೂರು ಇದೆ. ಇನ್ನೊಂದು, ಮುಂದಿನ ಸಾಲಿನಲ್ಲಿ ಪ್ರಾಟರ ಕಲ್ಲಿನ ಕೆಳಗೆ. ಅಲ್ಲಿ ಅವಳ ಒಂದು ಬೆರಳಿದೆ. ಅದನ್ನು ಹೂಳುವಾಗ ಊರಿಗೆ ಊರೇ ಟೋಪಿ ತೆಗೆದಿತ್ತು. ನಾನು ಕಣ್ಣಾರೆ ನೋಡಿದ್ದೇನೆ. ಬಾ. ಎರಡೂ ಕಡೆ ಕರೆದುಕೊಂಡು ಹೋಗುತ್ತೇನೆ. ಬೇಗ ಬಾ, ನನಗೂ ವಯಸ್ಸಾಗಿದೆ.'

ಹಬ್ಬದ ಮರುದಿನ ಲೈಮನ್‌ನ ಅಂಗಡಿಗೆ ಹೋದೆ. ಅಂಚೆಯ ಚೀಲ ಕೌಂಟರಿನ ಮೇಲೆ ಬಾಯಿ ತೆರೆದುಕೊಂಡಿತ್ತು. ಅವನು ಕಾಗದವನ್ನು ತಿರುಗಿಸಿ ನೋಡಿದ.

"ನ್ಯೂಯಾರ್ಕಿಗೆ. ಯಾರು ಬರ್ಕೊಟ್ರು?"

"ನಾನೇ ಬರ್ದೆ."

"ನೀನಾ?" ಮೇಲಿನ ಅಕ್ಷರ ಓದಿದ. ಇನ್ನೊಂದು ಸಲ ಓದಿದ. "ಏನ್ ಬರ್ದಿದೀಯ ಒಳಗೆ?"

"ಅವಳಮ್ಮ ಎಲ್ಲಿದಾಳೆ ಅಂತ."

ಅವನ ಕೈ ಚೀಲದ ಮೇಲೆ ನಿಂತಿತು. ಒಳಗೆ ಹಾಕಲಿಲ್ಲ, ಈಚೆಗೂ ತೆಗೆಯಲಿಲ್ಲ.

"ಗಾಡಿ ಬರೋದು ಇನ್ನೂ ತಡ," ಅಂದ. "ಇಟ್ಟು ಹೋಗು. ನಾನು ಹಾಕ್ತೀನಿ."

"ಹೋಗಲ್ಲ ಧಣಿ. ನಂಗೇನೂ ಅವಸರ ಇಲ್ಲ."

ಹಿಟ್ಟಿನ ಪೀಪಾಯಿಯ ಮೇಲೆ ಕೂತೆ. ಗಿರಾಕಿಗಳು ಬಂದರು, ಹೋದರು. ಎಲ್ಲರೂ ನನ್ನನ್ನು ನೋಡಿದರು, ಅವನ ಕೈಯಲ್ಲಿದ್ದ ಕಾಗದವನ್ನೂ ನೋಡಿದರು. ಅವನು ಅದನ್ನು ಚೀಲಕ್ಕೆ ಹಾಕಿ ದಾರ ಎಳೆದು ಕಟ್ಟಿದ. ನಾನು ಆಗಲೂ ಏಳಲಿಲ್ಲ. ಮಧ್ಯಾಹ್ನ ದಾಟಿದ ಮೇಲೆ ಅಂಚೆಗಾಡಿಯ ಕೊಂಬಿನ ಸದ್ದು ಕೇಳಿ ಎದ್ದು ಚೀಲದ ಹಿಂದೆಯೇ ಬಾಗಿಲಿಗೆ ಬಂದೆ. ಗಾಡಿಯವನು ಚೀಲವನ್ನು ಎಸೆದು ತನ್ನ ಕಾಲ ಕೆಳಗೆ ತುಳಿದುಕೊಂಡು, ಲಗಾಮು ಜಗ್ಗಿ, ನ್ಯೂಯಾರ್ಕಿನ ದಾರಿಗೆ ಕುದುರೆ ತಿರುಗಿಸಿದ.